ಸೀಟಕ್ಕನ ಕೈಗೆ ಗೊತ್ತಾದದ್ದು

ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು: ಮೇಲೆ ಕೂತವರು ಬಾಯಿ ಬಿಡಬಾರದು.

ಸ್ಟೀರಿಂಗ್ ಪರೀಕ್ಷೆ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಕೊಂಚ ಎಡಕ್ಕೆ, ಕೊಂಚ ಬಲಕ್ಕೆ ಆಡಿಸುತ್ತಿರಬೇಕು. ಇನ್ನೊಬ್ಬರು ಗಾಡಿಯಡಿ ಅಂಗಾತ ಮಲಗಿ ಒಂದೊಂದೇ ಕೀಲನ್ನು ಅಂಗೈಯಲ್ಲಿ ಹಿಡಿದು ನೋಡಬೇಕು. ಸ್ಟೀರಿಂಗಿನಿಂದ ಇಳಿದ ಕಂಬಿ ಕೆಳಗೊಂದು ಪೆಟ್ಟಿಗೆಯನ್ನು ಸೇರುತ್ತದೆ. ಅಲ್ಲಿಂದ ಮುಂದಕ್ಕೆ ಟೈರಾಡ್ ಎಂಬ ಸರಳು ಮುಂದಿನ ಎರಡು ಗಾಲಿಗಳನ್ನೂ ಹಿಡಿದು ಒಟ್ಟಿಗೆ ತಿರುಗಿಸುತ್ತದೆ. ಆ ಸರಳಿನ ಎರಡು ತುದಿಗೂ ಒಂದೊಂದು ಬಾಲ್ ಜಾಯಿಂಟು. ನಮ್ಮ ತೊಡೆಮೂಳೆ ಸೊಂಟದ ಬಟ್ಟಲಲ್ಲಿ ಕೂತ ಹಾಗೆ ಅದರೊಳಗೆ ಒಂದು ಉಕ್ಕಿನ ಗುಂಡು ಕೂತಿರುತ್ತದೆ. ಗುಂಡು ಸವೆದರೆ ಕೂದಲೆಳೆಯಷ್ಟು ಕುಣಿಯತೊಡಗುತ್ತದೆ. ಆ ಕುಣಿತ ಕಣ್ಣಿಗೆ ಬೀಳುವ ಮೊದಲೇ ಅಂಗೈಗೆ ಗೊತ್ತಾಗುತ್ತದೆ, ಅಂಥ ಅಂಗೈ ಇದ್ದರೆ.

ಮೇಸ್ತ್ರಿಗೆ ಅಂಥ ಅಂಗೈ ಇತ್ತು. ಕೆಳಗಿನಿಂದ ಸ್ಪ್ಯಾನರಿನಲ್ಲಿ ಒಂದು ಸಲ ತಟ್ಟಿದರೆ 'ಆಡಿಸು', ಎರಡು ಸಲ ತಟ್ಟಿದರೆ 'ಗಟ್ಟಿ ಇದೆ', ಮೂರು ಸಲ ತಟ್ಟಿದರೆ 'ಹೋಗಿದೆ'. ಆ ತಟ್ಟುವಿಕೆಯ ಮೇಲೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ. ಮೇಲೆ ಕೂರುವವಳು ಅವನ ಹೆಂಡತಿ. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿ ಎಲ್ಲರ ಬಾಯಲ್ಲೂ ಅವಳು ಸೀಟಕ್ಕನಾಗಿದ್ದಳು. ಅಷ್ಟೊಂದು ಗಾಡಿಗಳ ಡ್ರೈವರ್ ಸೀಟಿನಲ್ಲಿ ಕೂತವಳಿಗೆ ಒಂದು ಗಾಡಿಯನ್ನೂ ಓಡಿಸಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಒಂದೇ ಒಂದು ಸಲ ಅವಳು ಕಟ್ಟಳೆ ಮುರಿದಿದ್ದಳು. ಮದುವೆಯಾದ ಹೊಸದು. ಒಂದು ಲಾರಿಯ ಸ್ಟೀರಿಂಗ್ ಕೈಯಲ್ಲಿ ಸಡಿಲವೆನಿಸಿ, 'ರೀ, ಇದು ಹೋಗಿದೆ ಅನ್ಸುತ್ತೆ' ಎಂದು ಕೂಗಿದ್ದಳು. ಲಾರಿಯವನ ಎದುರಿಗೆ ಜಾಯಿಂಟು ಬಿಚ್ಚಿದರೆ ಅದು ಕಲ್ಲಿನ ಹಾಗಿತ್ತು. ಸಡಿಲ ಇದ್ದದ್ದು ಪೆಟ್ಟಿಗೆಯೊಳಗಿನ ಗಿಯರ್ ಹಲ್ಲಿನಲ್ಲಿ. 'ಮೇಸ್ತ್ರಿ, ಇನ್ನು ಮೇಲೆ ನೀವು ಸೀಟಲ್ಲಿ ಕೂತ್ಕೊಳಿ, ಅಕ್ಕನ್ನ ಕೆಳಗೆ ಮಲಗಿಸಿ' ಎಂದು ಲಾರಿಯವನು ಹೊಟ್ಟೆ ಹಿಡಿದು ನಕ್ಕ. ಮೇಸ್ತ್ರಿಯೂ ನಕ್ಕ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಅವಳು ಅಂದಿನಿಂದ ಬಂಗಾರವಾಗಿಯೇ ಉಳಿದಳು.

ಆ ದಿನ ಮಧ್ಯಾಹ್ನ ಬಂದದ್ದು ಮಗಳ ಹಳದಿ ವ್ಯಾನು. ಗುಡ್ಡದ ಮೇಲಿನ ಶಾಲೆಗೆ ಬೆಳಿಗ್ಗೆ ಮಕ್ಕಳನ್ನು ಬಿಟ್ಟು, ಮೂರೂವರೆಗೆ ಮತ್ತೆ ಕರೆತರುವ ಕೆಲಸ ಅವಳದು. ಹದಿನಾಲ್ಕು ಮಕ್ಕಳು, ಏಳು ತಿರುವಿನ ಇಳಿಜಾರು.

"ಅಪ್ಪ, ಗುಂಡಿಗೆ ಬಿದ್ರೆ ಮುಂದೆ ಎಲ್ಲೋ ಟಕ್ ಅಂತಿದೆ. ನೋಡಿ."

ಮೇಸ್ತ್ರಿ ಹಲಗೆಯ ಮೇಲೆ ಮಲಗಿ ಒಳಗೆ ಜಾರಿದ. ಸೀಟಕ್ಕ ಹತ್ತಿ ಕೂತಳು. ಒಂದು ಸಲ ತಟ್ಟಿದ. ಅವಳು ಆಡಿಸಿದಳು.

ಎಡದಿಂದ ಬಲಕ್ಕೆ ಬರುವಾಗ ಸ್ಟೀರಿಂಗ್ ಎರಡು ಬೆರಳಗಲ ಖಾಲಿ ಓಡಿತು. ಆ ಖಾಲಿಯ ಕೊನೆಯಲ್ಲಿ ಒಂದು ಸಣ್ಣ ಗುದ್ದು ಕಂಬಿಯಗುಂಟ ಹತ್ತಿ ಅವಳ ಹೆಬ್ಬೆರಳ ಬುಡಕ್ಕೆ ಬಂತು. ಅವಳು ಇನ್ನೊಮ್ಮೆ ಆಡಿಸಿದಳು. ಮತ್ತೆ ಅದೇ ಗುದ್ದು. ಈಗ ಮೂರು ಸಲ ತಟ್ಟುತ್ತಾನೆ ಎಂದು ಕಾದಳು.

ಎರಡು ಸಲ ತಟ್ಟಿದ.

"ಜಾಯಿಂಟೆಲ್ಲ ಗಟ್ಟಿ ಇದೆ. ಸೈಲೆನ್ಸರ್ ಕ್ಲಾಂಪು ಸಡಿಲ ಆಗಿದೆ, ಅದೇ ಸದ್ದು" ಎಂದು ಕೆಳಗಿನಿಂದಲೇ ಕೂಗಿ ಕ್ಲಾಂಪು ಬಿಗಿದ. ಹೊರಬಂದು ಸೀಮೆಸುಣ್ಣದಲ್ಲಿ ಗಾಲಿಯ ಒಳಮೈಗೆ ಎಂದಿನ ಗೆರೆ ಎಳೆದ. ಅವನು ನೋಡಿ ಒಪ್ಪಿದ ಗಾಡಿಗೆಲ್ಲ ಆ ಗೆರೆ ಇರುತ್ತಿತ್ತು.

ಮಾತು ಸೀಟಕ್ಕನ ನಾಲಿಗೆ ತುದಿಗೆ ಬಂದು ಕೂತಿತು. ಪೆಟ್ಟಿಗೆಯ ಹಲ್ಲಿರಬಹುದು, ಹಳೇ ಗಾಡಿ, ಸ್ವಲ್ಪ ಸಡಿಲ ಇದ್ದೇ ಇರುತ್ತದೆ ಎಂದುಕೊಂಡು ಅದನ್ನು ನುಂಗಿದಳು. ಮಗಳು "ಬರ್ತೀನಮ್ಮ" ಎಂದು ಕೈಬೀಸಿ ಹೊರಟಳು. ಗಂಟೆ ಎರಡೂ ಮುಕ್ಕಾಲು.

ಸೀಟಕ್ಕ ಎರಡು ಲೋಟ ಚಹಾ ಸೋಸಿ ತಂದಳು. ಮೇಸ್ತ್ರಿ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಅವನ ಬಲಗೈಯ ಮೂರು ಬೆರಳ ಮೇಲೆ ಅವರೆಕಾಳಿನಷ್ಟು ದಪ್ಪ ಬೊಬ್ಬೆ ಎದ್ದಿದ್ದವು. ಒಂದು ಒಡೆದು ನೀರು ಸುರಿಯುತ್ತಿತ್ತು. ಅವನು ಅದರ ಮೇಲೆಯೇ ಬಟ್ಟೆ ಉಜ್ಜುತ್ತಾ ಪಕ್ಕದ ಪಂಕ್ಚರ್ ಅಂಗಡಿಯವನ ಕಡೆ ನೋಡಿ ಏನೋ ತಮಾಷೆ ಮಾಡುತ್ತಿದ್ದ.

"ರೀ, ಕೈ ಸುಟ್ಕೊಂಡಿದೀರಿ."

"ಎಲ್ಲಿ?" ಎಂದು ಅವನು ಕೈ ನೋಡಿಕೊಂಡ. ಬೇರೆ ಯಾರದ್ದೋ ಕೈಯನ್ನು ನೋಡುವ ಹಾಗೆ ನೋಡಿದ. "ಓ, ಸೈಲೆನ್ಸರ್ ತಾಗಿರಬೇಕು. ಇರ್ಲಿ ಬಿಡು."

ಸೀಟಕ್ಕ ಲೋಟಗಳನ್ನು ಕೆಳಗಿಟ್ಟಳು. ಸಕ್ಕರೆ ಕಾಯಿಲೆ ಅವನಿಗೆ ಹತ್ತು ವರ್ಷದಿಂದ ಇತ್ತು. ಈಚೀಚೆಗೆ ಅಂಗಿಯ ಗುಂಡಿ ಹಾಕಿಕೊಡು ಎಂದು ಅವನು ಹತ್ತಿರ ಬಂದು ನಿಲ್ಲುತ್ತಿದ್ದದ್ದನ್ನು ಅವಳು ಮುದ್ದು ಎಂದುಕೊಂಡಿದ್ದಳು. ಕೈಯಿಂದ ನಟ್ಟು ಜಾರಿದರೆ ವಯಸ್ಸು ಎಂದುಕೊಂಡಿದ್ದಳು. ಮೊನ್ನೆ ಕಾಲಿಂದ ಒಂದು ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ಅರ್ಧ ಬೀದಿ ನಡೆದು ಹೋಗಿದ್ದ, ಅವಳು ನಕ್ಕಿದ್ದಳು. ಈಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡು ಅವಳ ಮುಂದೆ ನಿಂತವು. ಅವಳಿಗೆ ಭಯವಾಯಿತು.

ಅವರಿಬ್ಬರ ನಡುವೆ ಹಳೆಯದೊಂದು ಆಟ ಇತ್ತು. ಗಿರಾಕಿಗಳನ್ನು ಬೆರಗುಗೊಳಿಸಲು ಮೇಸ್ತ್ರಿ ಕಣ್ಣು ಮುಚ್ಚಿ ಕೈ ಚಾಚುತ್ತಿದ್ದ, ಯಾವ ನಟ್ಟು ಇಟ್ಟರೂ ಅಳತೆ ಹೇಳುತ್ತಿದ್ದ. ಸೀಟಕ್ಕ ಡಬ್ಬಿಯಿಂದ ಒಂದು ನಟ್ಟು ತೆಗೆದಳು.

"ಕಣ್ಣು ಮುಚ್ಚಿ. ಇದು ಎಷ್ಟರದ್ದು ಹೇಳಿ ನೋಡೋಣ."

"ಈಗೇನು ಮಕ್ಕಳಾಟ?" ಎಂದ. ಆದರೂ ಕಣ್ಣು ಮುಚ್ಚಿ ಕೈ ಚಾಚಿದ. ಇಡಲು ಹೋದವಳು ಅರ್ಧದಲ್ಲೇ ತಡೆದಳು. ನಟ್ಟು ಅವಳ ಬೆರಳಲ್ಲೇ ಉಳಿಯಿತು, ಅವನ ಅಂಗೈ ಖಾಲಿಯಾಗಿಯೇ ಇತ್ತು. ಅವನು ಖಾಲಿ ಬೆರಳುಗಳನ್ನು ಮಡಚಿ ಉಜ್ಜಿ ನೋಡಿದ.

"ಹದಿನಾಲ್ಕು" ಎಂದ.

ಅವನು ಕಣ್ಣು ಬಿಟ್ಟು, ತನ್ನ ಅಂಗೈ ನೋಡಿ, ಅವಳ ಬೆರಳಲ್ಲಿದ್ದ ನಟ್ಟು ನೋಡಿದ.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ನಾಲ್ಕು ತಿಂಗಳು. ಜೋಮು ಹಿಡಿದ ಹಾಗೆ ಇರುತ್ತೆ. ಒಂದೊಂದು ದಿನ ಸರಿ ಇರುತ್ತೆ ಕಣೇ. ಇವತ್ತು ಸರಿ ಇದೆ ಅಂದ್ಕೊಂಡಿದ್ದೆ."

"ರೀ, ಮಗಳ ಗಾಡಿ ಸಡಿಲ ಇತ್ತು."

ಅವನು ಎದ್ದು ನಿಂತ. ನಿನಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಕೇಳಲು ಸಮಯವೂ ಇರಲಿಲ್ಲ.

ಫೋನು ಹಚ್ಚಿದರು. ರಿಂಗಾಗಿ ರಿಂಗಾಗಿ ನಿಂತಿತು. ಓಡಿಸುವಾಗ ಫೋನು ಮುಟ್ಟಬಾರದೆಂದು ಮಗಳಿಗೆ ಕಲಿಸಿದವರೇ ಇವರು, ಯಾರನ್ನು ಬೈಯಬೇಕು? ಶಾಲೆಯ ಫೋನು ಎತ್ತುವವರಿಲ್ಲ. ಮೇಸ್ತ್ರಿ ಸ್ಕೂಟರ್ ತೆಗೆದ, ಸೀಟಕ್ಕ ಹಿಂದೆ ಕೂತಳು. ಗುಡ್ಡದ ರಸ್ತೆಗೆ ತಿರುಗಿದ ಮೇಲೆ ಅವಳಿಗೆ ಇನ್ನೊಂದು ಹೆದರಿಕೆ ಹಿಡಿಯಿತು. ಬ್ರೇಕು ಹಿಡಿಯುವ ಮೊದಲು ಅವನು ಪ್ರತಿಸಲವೂ ತಲೆ ಬಗ್ಗಿಸಿ ತನ್ನ ಬೆರಳನ್ನು ನೋಡಿಕೊಳ್ಳುತ್ತಿದ್ದ. ಬೆರಳು ಬ್ರೇಕಿನ ಮೇಲೆ ಇದೆಯೋ ಇಲ್ಲವೋ ಎಂದು ಅವನು ಕಣ್ಣಿನಿಂದ ತಿಳಿಯಬೇಕಿತ್ತು. ಅತ್ತ ದರಿ, ಇತ್ತ ಪುಲಿ. ಮೆಲ್ಲಗೆ ಹೋಗಿ ಎಂದರೆ ಅಷ್ಟರಲ್ಲಿ ಮಗಳು ಮಕ್ಕಳೊಂದಿಗೆ ಇಳಿಯತೊಡಗುತ್ತಾಳೆ. ಬೇಗ ಹೋಗಿ ಎಂದರೆ ತಾವೇ ತಲುಪುವುದಿಲ್ಲ.

ಪ್ರತಿ ತಿರುವಿನಲ್ಲೂ ಅವಳು ಮೊದಲು ರಸ್ತೆಯಂಚಿನ ಕಲ್ಲುಗಳನ್ನು ನೋಡಿದಳು, ಅವು ಹಾಗೇ ಇವೆಯೋ, ಯಾವುದಾದರೂ ಕಿತ್ತು ಬಿದ್ದಿದೆಯೋ ಎಂದು. ಆಮೇಲೆ ಕೆಳಗಿನ ಕಣಿವೆ ನೋಡಿದಳು. ಮೂರನೇ ತಿರುವಿನಲ್ಲಿ ಹಳದಿ ಬಣ್ಣದ್ದೇನೋ ಪೊದೆಯ ಮಧ್ಯೆ ಕಂಡು ಗಂಡನ ಭುಜ ಹಿಡಿದಳು. ಅದು ಯಾರೋ ಒಣಗಲು ಹಾಕಿದ ಟಾರ್ಪಾಲು. ನಾನು ಬಾಯಿ ಬಿಟ್ಟಿದ್ದರೆ, ಎಂದು ಶುರುವಾದ ಯೋಚನೆ ಏಳು ತಿರುವು ಮುಗಿದರೂ ಮುಂದಕ್ಕೆ ಹೋಗಲಿಲ್ಲ. ಬಿಟ್ಟಿದ್ದರೆ, ಬಿಟ್ಟಿದ್ದರೆ ಎಂದು ಅಲ್ಲೇ ತಿರುಗುತ್ತಿತ್ತು.

ಶಾಲೆಯ ಗೇಟು ಕಂಡಾಗ ಮಕ್ಕಳನ್ನು ತುಂಬಿಕೊಂಡ ವ್ಯಾನು ಹೊರಕ್ಕೆ ಮೂತಿ ಹಾಕಿತ್ತು. ಮೇಸ್ತ್ರಿ ಸ್ಕೂಟರನ್ನು ಅದರ ಎದುರಿಗೇ ತಂದು ನಿಲ್ಲಿಸಿದ. ಮಗಳು ತಲೆ ಹೊರಹಾಕಿದಳು.

"ಏನಮ್ಮ, ಮನೆಯಲ್ಲಿ ಏನಾಯ್ತು?"

"ಮನೆಯಲ್ಲೇನೂ ಇಲ್ಲ. ಎಂಜಿನ್ ಆರಿಸು. ಮಕ್ಕಳನ್ನ ಇಳಿಸು."

"ಯಾಕೆ? ಅಪ್ಪ ನೋಡಿ ಗೆರೆ ಹಾಕಿದಾರಲ್ಲ! ಹದಿನಾಲ್ಕು ಮನೆಯವರು ಕೆಳಗೆ ಕಾಯ್ತಿರ್ತಾರೆ, ಅವರಿಗೆ ಏನಂತ ಹೇಳ್ಲಿ? ನನ್ನಮ್ಮ ಹೆದರ್ಕೊಂಡ್ಲು ಅಂತ ಹೇಳ್ಲಾ?"

ಸೀಟಕ್ಕ ಗಂಡನ ಕಡೆ ನೋಡಿದಳು. ಅವನು ಎರಡೂ ಕೈ ಜೇಬಿಗೆ ಹಾಕಿ ನಿಂತಿದ್ದ. ಗೇಟಿನ ತಾತ, ಇಬ್ಬರು ಟೀಚರಮ್ಮಂದಿರು, ಕಿಟಕಿಗೆ ಮೂಗು ಒತ್ತಿದ ಮಕ್ಕಳು, ಎಲ್ಲರೂ ನೋಡುತ್ತಿದ್ದರು. ಅವನಿಗಾಗಿ ತಾನೇ ಏನಾದರೂ ಸುಳ್ಳು ಹೇಳಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ಅವನು ಜೇಬಿನಿಂದ ಕೈ ತೆಗೆದು ಮಗಳ ಮುಂದೆ ಚಾಚಿದ.

"ನನ್ನ ಕೈಗೆ ಏನೂ ಗೊತ್ತಾಗ್ತಿಲ್ಲ ಮಗಳೇ. ಸುಟ್ಟಿದ್ದೂ ಗೊತ್ತಾಗಿಲ್ಲ ನೋಡು. ನಾನು ಹಾಕಿದ ಗೆರೆ ನಂಬಬೇಡ."

ಮಗಳು ಆ ಬೊಬ್ಬೆಗಳನ್ನು ನೋಡಿದಳು, ತಿರುಗಿ ಮಕ್ಕಳಿಗೆ ಇಳಿಯಿರಿ ಎಂದಳು.

"ನಾನು ಕೆಳಗೆ ಹೋಗ್ತೀನಿ" ಎಂದಳು ಸೀಟಕ್ಕ. ಸೆರಗು ಸೊಂಟಕ್ಕೆ ಬಿಗಿದು, ಗೇಟಿನ ತಾತ ಕೊಟ್ಟ ಗೋಣಿಚೀಲ ಹಾಸಿಕೊಂಡು ವ್ಯಾನಿನಡಿ ತೂರಿದಳು. ಇಪ್ಪತ್ತೆರಡು ವರ್ಷದಲ್ಲಿ ಗಾಡಿಯ ಹೊಟ್ಟೆಯನ್ನು ಅವಳು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಎಣ್ಣೆ ವಾಸನೆ, ಮುಖದ ಮೇಲೆ ಒಂದು ಗೇಣು ಎತ್ತರದಲ್ಲಿ ಕಬ್ಬಿಣ. ಮೇಸ್ತ್ರಿ ಪಕ್ಕದಲ್ಲಿ ಮೊಣಕಾಲೂರಿ ಬಗ್ಗಿದ.

"ಬಲಗಡೆ ಗಾಲಿ ಹತ್ತಿರ ಸರಳು ಮುಗಿಯುತ್ತಲ್ಲ, ಅಲ್ಲಿ ಒಂದು ರಬ್ಬರ್ ಟೋಪಿ ಇದೆ. ಹರಿದಿದೆಯಾ?"

"ಹರಿದಿದೆ. ಒಳಗೆ ಗ್ರೀಸೇ ಇಲ್ಲ, ಬರೀ ಮಣ್ಣು."

ಅವನು ಕಣ್ಣು ಮುಚ್ಚಿಕೊಂಡ. "ಅಂಗೈಯಲ್ಲಿ ಹಿಡ್ಕೊ. ಮಗಳೇ, ಮೆಲ್ಲಗೆ ಆಡಿಸು."

ಅವಳ ಅಂಗೈಯೊಳಗೆ ಗುಂಡು ಕುಣಿಯಿತು. ಕೈಯಲ್ಲಿ ಹಿಡಿದ ಕೋಳಿಮರಿಯ ಎದೆಯ ಹಾಗೆ ಡವಡವ ಎಂದಿತು. ಅದು ಕೂದಲೆಳೆಯ ಕುಣಿತವಲ್ಲ, ಬೆರಳು ತೂರುವಷ್ಟು ಕುಣಿತ. ಸ್ಪ್ಯಾನರಿನಲ್ಲಿ ಮೂರು ಸಲ ತಟ್ಟಬೇಕೆಂಬುದು ಅವಳಿಗೆ ನೆನಪಾಗಲಿಲ್ಲ.

"ಹೋಗಿದೆ! ರೀ, ಪೂರ್ತಿ ಹೋಗಿದೆ!"

"ಕೈ ತೆಗಿ. ಈಚೆಗೆ ಸರಿ" ಎಂದ ಮೇಸ್ತ್ರಿ. ಆಮೇಲೆ ಮಗಳಿಗೆ, "ಈಗ ಬಲಕ್ಕೆ ಪೂರ್ತಿ ತಿರುಗಿಸು" ಎಂದ. ನಿಂತ ಗಾಡಿಯಲ್ಲಿ ತಿರುಗಿಸಿದರೆ ಆ ಕೀಲುಗಳಿಗೆ ಬೀಳುವ ಭಾರ ಹೆಚ್ಚು. ಮಗಳು ಬಲ ಹಾಕಿ ತಿರುಗಿಸಿದಳು. ಠಣ್ ಎಂದು ಗುಂಡು ಬಟ್ಟಲಿನಿಂದ ಹೊರಗೆ ಬಂತು. ಸರಳಿನ ತುದಿ ಸೀಟಕ್ಕನ ಕಿವಿಯ ಪಕ್ಕದ ಮಣ್ಣಿಗೆ ಬಂದು ನಾಟಿತು.

ಹೊರಗೆ ಮಕ್ಕಳು ಚಪ್ಪಾಳೆ ತಟ್ಟಿ ನಗತೊಡಗಿದವು. "ನೋಡ್ರೋ, ಒಂದು ಚಕ್ರ ಆ ಕಡೆ, ಒಂದು ಚಕ್ರ ಈ ಕಡೆ!"

ಸೀಟಕ್ಕ ಹೊರಗೆ ತೆವಳಿ ಬಂದು ನೋಡಿದಳು. ಒಂದು ಗಾಲಿ ಗೇಟಿನ ಕಡೆ, ಇನ್ನೊಂದು ಕಣಿವೆಯ ಕಡೆ ಮುಖ ಮಾಡಿತ್ತು. ಇಳಿಜಾರಿನಲ್ಲಿ, ಹದಿನಾಲ್ಕು ಮಕ್ಕಳ ಭಾರದಲ್ಲಿ ಇದು ಆಗುತ್ತಿತ್ತು ಎಂದುಕೊಂಡಳು. ಮಗಳು ಬಂದು ಅವಳನ್ನು ತಬ್ಬಿಕೊಂಡಳು.

ಟೀಚರಮ್ಮಂದಿರು ಫೋನು ಮಾಡಿದ ಮೇಲೆ ಮನೆಯವರೆಲ್ಲ ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಮಗಳು ಸ್ಕೂಟರ್ ತೆಗೆದುಕೊಂಡು ಹೊಸ ಜಾಯಿಂಟು ತರಲು ಕೆಳಗೆ ಹೋದಳು. ಗಂಡ ಹೆಂಡತಿ ಗೇಟಿನ ಕಟ್ಟೆಯ ಮೇಲೆ ಕೂತರು.

"ನನಗ್ಯಾಕೆ ಹೇಳ್ಲಿಲ್ಲ?" ಎಂದಳು.

"ಹೆದರಿಕೆ. ಕೈ ಹೋಯ್ತು ಅಂದ್ರೆ ಮೇಸ್ತ್ರಿ ಹೋದ. ಆಮೇಲೆ ಉಳಿಯೋನು ಯಾರು? ಇನ್ನೊಂದು ದಿನ ನೋಡೋಣ, ಇನ್ನೊಂದು ದಿನ ನೋಡೋಣ ಅಂತ ತಳ್ಳಿದೆ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಅವನ ಸುಟ್ಟ ಬೆರಳುಗಳಿಗೆ ತನ್ನ ಕರವಸ್ತ್ರ ಸುತ್ತಿದಳು. ಒಳಗೊಳಗೆ ಅವಳಿಗೆ ಬೇರೊಂದು ಹೆದರಿಕೆ ಇತ್ತು. ಅವನ ತಪ್ಪು ಎಲ್ಲರೆದುರು ಬಯಲಾಗಿತ್ತು. ಅವಳದು ಇನ್ನೂ ಅವಳ ಹೆಬ್ಬೆರಳ ಬುಡದಲ್ಲೇ ಬೆಚ್ಚಗೆ ಕೂತಿತ್ತು.

ಮಗಳು ಬಂದಳು. ಸೀಟಕ್ಕ ಮತ್ತೆ ಕೆಳಗೆ ಹೋದಳು. ಈ ಸಲ ಕೈ ಅವಳದು, ಬುದ್ಧಿ ಅವನದು.

"ಗುಂಡಿನ ಮೊಳೆ ಗಾಲಿಯ ತೋಳಲ್ಲಿ ಸಿಕ್ಕಿದೆ. ಪಿನ್ನು ಎಳೆದು ನಟ್ಟು ಬಿಚ್ಚು. ಮೊಳೆ ಮೇಲೆ ಹೊಡೀಬೇಡ, ತೋಳಿನ ಮಗ್ಗುಲಿಗೆ ಸುತ್ತಿಗೆಯಿಂದ ಕೊಡು, ತಾನಾಗಿ ಬೀಳುತ್ತೆ." ಮೂರನೇ ಹೊಡೆತಕ್ಕೆ ಮೊಳೆ ಬಿತ್ತು. "ಈಗ ಸರಳಿನಿಂದ ಹಳೇ ತುದಿ ತಿರುಗಿಸಿ ಬಿಚ್ಚು. ಸುತ್ತು ಎಣಿಸು, ಜೋರಾಗಿ. ಎಷ್ಟು ಸುತ್ತಿನಲ್ಲಿ ಬಂತೋ ಹೊಸದು ಅಷ್ಟೇ ಸುತ್ತು ಒಳಗೆ ಹೋಗಬೇಕು. ಹೆಚ್ಚುಕಮ್ಮಿ ಆದ್ರೆ ಗಾಲಿಗಳು ಒಂದಕ್ಕೊಂದು ಮುಖ ತಿರುಗಿಸ್ತವೆ."

"ನಮ್ಮಿಬ್ಬರ ಹಾಗೆ" ಎಂದಳು ಸೀಟಕ್ಕ. ಮೇಲಿನಿಂದ ಮಗಳು ಕಿಸಕ್ಕನೆ ನಕ್ಕಳು. ಹದಿನೇಳು ಸುತ್ತಿನಲ್ಲಿ ಹಳೆಯದು ಬಂತು, ಹದಿನೇಳು ಸುತ್ತಿನಲ್ಲಿ ಹೊಸದು ಕೂತಿತು. ನಟ್ಟು ಬಿಗಿದು, ತೂತಿನಲ್ಲಿ ಹೊಸ ಪಿನ್ನು ತೂರಿಸಿ ಅದರ ಎರಡು ತುದಿಗಳನ್ನು ಮಡಚಿದಳು.

"ನೀನು ಇಳಿ ಮಗಳೇ. ನಾನು ಕೂರ್ತೀನಿ" ಎಂದ ಮೇಸ್ತ್ರಿ. ಸುಮ್ಮನೆ ಆಡಿಸಲು ಬೆರಳಿಗೆ ಏನೂ ಗೊತ್ತಾಗಬೇಕಿರಲಿಲ್ಲ. ಅವನು ಸೀಟಿಗೆ ಹತ್ತಿ ಎರಡೂ ಅಂಗೈಯನ್ನು ಸ್ಟೀರಿಂಗಿನ ಮೇಲಿಟ್ಟು ಆಡಿಸತೊಡಗಿದ.

ಕೆಳಗೆ ಸೀಟಕ್ಕನ ಅಂಗೈಯಲ್ಲಿ ಜಾಯಿಂಟು ಅಲುಗಲಿಲ್ಲ. ಅವಳು ಎರಡು ಸಲ ತಟ್ಟಿದಳು. ಆದರೂ ಅವನು ಆಡಿಸುವುದನ್ನು ನಿಲ್ಲಿಸಲಿಲ್ಲ. ಎಡಕ್ಕೆ, ಬಲಕ್ಕೆ, ಎಡಕ್ಕೆ. ಏನನ್ನೋ ಯೋಚಿಸುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು.

"ಗಾಡಿ ಸಡಿಲ ಇತ್ತು ಅಂದೆ, ಗ್ಯಾರೇಜಲ್ಲಿ" ಎಂದು ಅವನು ಮೇಲಿನಿಂದ ಕೇಳಿದ. "ಇಲ್ಲಿ ಕೂತವರಿಗೆ ಗೊತ್ತಾಗುತ್ತಾ?"

ಗಾಡಿಯಡಿ ಮಲಗಿದ್ದರಿಂದ ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಇಲ್ಲ ಎಂದರೆ ಮುಗಿಯುತ್ತಿತ್ತು.

"ಗೊತ್ತಾಗುತ್ತೆ."

"ಮಧ್ಯಾಹ್ನ ಗೊತ್ತಾಗಿತ್ತಾ?"

"ಗೊತ್ತಾಗಿತ್ತು. ಎರಡು ಬೆರಳಗಲ. ನೀವು ಗಟ್ಟಿ ಅಂದ್ರಿ, ನಾನು ಸುಮ್ಮನಾದೆ."

ಸ್ಟೀರಿಂಗ್ ನಿಂತಿತು. ಗೇಟಿನ ಹತ್ತಿರ ನಿಂತಿದ್ದ ಮಗಳ ಕಾಲುಗಳು ಮಾತ್ರ ಸೀಟಕ್ಕನಿಗೆ ಕಾಣುತ್ತಿದ್ದವು, ಅವೂ ಅಲುಗಲಿಲ್ಲ. ಈಗ ಬೈಯುತ್ತಾನೆ, ಬೈಯಲಿ ಎಂದು ಕಾದಳು. ಅವನು ಬೈಯಲಿಲ್ಲ. ಅವನು ಕೇಳಿದ ಮಾತು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ನಾಲ್ಕು ತಿಂಗಳಲ್ಲಿ ಇನ್ನೆಷ್ಟು ಗಾಡಿಗೆ ಹಾಗಾಯ್ತು?"

ನೆನಪಿಲ್ಲ ಎಂದುಕೊಳ್ಳಲು ಅವಳು ನೋಡಿದಳು. ಆದರೆ ಎಲ್ಲವೂ ಒಂದೊಂದಾಗಿ ಬೆರಳಿಗೆ ಬಂದವು, ಯಾವುದು ಎಷ್ಟು ಸಡಿಲ, ಯಾವ ಕಡೆಗೆ ತಿರುಗಿಸಿದಾಗ ಗುದ್ದಿತು ಎಂಬುದರ ಸಮೇತ. ಎಲ್ಲಕ್ಕೂ ಅವನು ಎರಡು ಸಲ ತಟ್ಟಿದ್ದ. ಎಲ್ಲದರ ಗಾಲಿಗೂ ಸೀಮೆಸುಣ್ಣದ ಗೆರೆ ಬಿದ್ದಿತ್ತು. ಎಲ್ಲವೂ ಈ ಹೊತ್ತಿನಲ್ಲಿ ಎಲ್ಲೆಲ್ಲೋ ಓಡುತ್ತಿದ್ದವು.

"ಏಳು ಗಾಡಿಗೆ" ಎಂದಳು. "ಎರಡರದ್ದು ಬರೀ ಪೆಟ್ಟಿಗೆ ಇರಬಹುದು. ನೀರಿನ ಟ್ಯಾಂಕರು ಎಲ್ಲಕ್ಕಿಂತ ಕೆಟ್ಟದು. ಮೂರು ಬೆರಳು."

ಅವಳು ಹೊರಗೆ ಬಂದಾಗ ಮೇಸ್ತ್ರಿ ಸೀಟಿನಿಂದ ಇಳಿದು ಫೋನು ಹಿಡಿದು ನಿಂತಿದ್ದ. ಅವನ ಬೆರಳು ಎರಡು ಸಲ ತಪ್ಪು ಅಂಕಿ ಒತ್ತಿತು. ಅವಳು ಫೋನು ಇಸಿದುಕೊಂಡು ಟ್ಯಾಂಕರಿನವನ ನಂಬರು ಒತ್ತಿದಳು. ರಿಂಗಾಯಿತು. ಆರು ಸಲ, ಏಳು ಸಲ. ಅವಳು ಮಗಳ ಮಣಿಕಟ್ಟು ಹಿಡಿದುಕೊಂಡಳು. ಕೊನೆಗೆ ಎಂಜಿನ್ನಿನ ಗದ್ದಲದ ನಡುವೆ ಟ್ಯಾಂಕರಿನವನ ದನಿ ಕೇಳಿಸಿತು.

"ಹಲೋ ಮೇಸ್ತ್ರಿ, ಲೋಡಲ್ಲಿದೀನಿ, ಇಳಿಜಾರು. ಆಮೇಲೆ ಮಾತಾಡ್ತೀನಿ."

"ಆಮೇಲೆ ಬೇಡಪ್ಪ. ಈಗಲೇ, ಎಲ್ಲಿದೀಯೋ ಅಲ್ಲೇ, ಮೆಲ್ಲಗೆ ಪಕ್ಕಕ್ಕೆ ತಗೊಂಡು ಗಾಡಿ ನಿಲ್ಲಿಸು."

"ಯಾರು ಮಾತಾಡ್ತಿರೋದು? ಮೇಸ್ತ್ರಿ ಗಟ್ಟಿ ಇದೆ ಅಂದಿದ್ರಲ್ಲ?"

"ನಾನು ಮೇಲೆ ಕೂತಿದ್ದವಳು" ಎಂದಳು ಸೀಟಕ್ಕ. "ಗಟ್ಟಿ ಇಲ್ಲ. ನನಗೆ ಅವತ್ತೇ ಗೊತ್ತಾಗಿತ್ತು. ನಿಲ್ಲಿಸು."